ಕೈ ನಡುಗಿದ್ದಕ್ಕೆ ಬಾಯಿ ಊದಿಸಿದರು

"ಊದು ಅಂದ ನಮ್ಮ ಲಾಂಡ್ರಿ ಸೂಪರ್‌ವೈಸರ್. ಏನನ್ನ ಅಂತ ಕೇಳಿದೆ. ಬಾಯಿ ಊದು ಅಂದ. ನನಗೆ ಮೊದಲು ಅರ್ಥಾನೇ ಆಗ್ಲಿಲ್ಲ ಕಣೇ. ಐವತ್ತಮೂರು ವರ್ಷದ ಹೆಂಗಸು ನಾನು. ಮೊಮ್ಮಗನಿಗೆ ಬಿಸಿ ಹಾಲು ಆರಿಸಿ ಕೊಟ್ಟಿದ್ದು ಬಿಟ್ರೆ ಇನ್ಯಾವನ ಮುಖದ ಮುಂದೆ ಊದಿದೀನಿ? ನಲವತ್ತು ಜನ ಕೈಕೆಲಸ ನಿಲ್ಲಿಸಿ ನೋಡ್ತಾ ಇದ್ರು. ಅವನು ಮೂಗು ಮುಂದಕ್ಕೆ ತಂದ, ಬೆಕ್ಕು ಮುಚ್ಚಿಟ್ಟ ಪಾತ್ರೆ ಮೂಸೋ ಹಾಗೆ. ಊದಿದೆ. ಅದೇ ನಾನು ಮಾಡಿದ ತಪ್ಪು. ಊದಬಾರದಿತ್ತು, ಕೆನ್ನೆಗೆ ಒಂದು ಬಾರಿಸಬೇಕಿತ್ತು. ಆದ್ರೆ ಕೈ ಎತ್ತಿದ್ರೆ ಕೈ ನಡುಗುತ್ತಲ್ಲ, ನೋಡ್ರೋ ಹೇಗೆ ಕುಡಿದಿದಾಳೆ ಅಂತ ಅದನ್ನೇ ಸಾಕ್ಷಿ ಮಾಡ್ಕೋತಾನೆ. ಅದಕ್ಕೇ ಊದಿದೆ. ವಾಸನೆ ಏನೂ ಬರ್ಲಿಲ್ಲ. ಬರೋದಾದ್ರೂ ಏನು, ಬೆಳಗ್ಗೆ ಕುಡಿದ ಟೀ. ಅಷ್ಟಕ್ಕೆ ಬಿಟ್ಟನಾ? ಇಲ್ಲ. 'ಕುಡಿಯೋರಿಗೆ ಕುಡಿಯದೇ ಇದ್ದ ದಿನಾನೇ ಕೈ ಜಾಸ್ತಿ ನಡುಗೋದು, ನನಗೆ ಗೊತ್ತಿಲ್ವಾ' ಅಂದ. ವಾಸನೆ ಬಂದ್ರೆ ಕುಡುಕಿ, ಬರದಿದ್ರೆ ಇನ್ನೂ ದೊಡ್ಡ ಕುಡುಕಿ. ನೀನೇ ಹೇಳು, ಇದಕ್ಕೆ ನಾನು ಯಾವ ಬಾಯಲ್ಲಿ ಉತ್ತರ ಕೊಡ್ಲಿ?"

ದೊಡ್ಡಕ್ಕ ಇದನ್ನು ಹೇಳಿದ್ದು ಓಣಿಯ ನಲ್ಲಿಯ ಹತ್ತಿರ, ಪಕ್ಕದ ಮನೆಯವಳಿಗೆ, ಕೊಡ ತುಂಬುವಷ್ಟು ಹೊತ್ತಿನಲ್ಲಿ. ಮಾರನೆಯ ದಿನ ಕೆಳಮನೆಯವಳಿಗೂ ಹೇಳಿದಳು, ಅದರ ಮಾರನೆಯ ದಿನ ಹಾಲು ತರುವವನಿಗೂ ಹೇಳಿದಳು. ಎಷ್ಟು ಸಲ ಹೇಳಿದರೂ ಅವಳ ಸಿಟ್ಟು ಹೊಸದಾಗಿಯೇ ಇರುತ್ತಿತ್ತು. ಸಿಟ್ಟು ಬಂದಷ್ಟೂ ಕೈ ನಡುಗುವುದು ಹೆಚ್ಚುತ್ತಿತ್ತು. ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡ ಕೂಡಲೇ ನಿಂತುಬಿಡುತ್ತಿತ್ತು.

ಅವಳು ಕೆಲಸ ಮಾಡುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ದೊಡ್ಡ ಲಾಂಡ್ರಿಯಲ್ಲಿ. ಎರಡು ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಡಾಕ್ಟರುಗಳ ಬಿಳಿ ಕೋಟು, ಹೋಟೆಲುಗಳ ಮೇಜಿನ ಬಟ್ಟೆ ಎಲ್ಲ ಅಲ್ಲಿಗೇ ಬರುತ್ತಿದ್ದವು. ಒಂದು ಕಡೆ ತೊಟ್ಟಿಗಳು, ನಡುವೆ ಬಾಯ್ಲರು, ಇನ್ನೊಂದು ಕಡೆ ಇಸ್ತ್ರಿಯ ಉದ್ದನೆಯ ಮೇಜುಗಳು. ಕಿಟಕಿ ಪಕ್ಕದ ಎರಡನೆಯ ಮೇಜು ಇಪ್ಪತ್ತಾರು ವರ್ಷದಿಂದ ದೊಡ್ಡಕ್ಕನದು. ಕೋಟಿನ ಕಾಲರು, ತೋಳಿನ ತುದಿ, ಜೇಬಿನ ಅಂಚು, ಇವು ಮೂರೂ ಅವಳ ಕೈಯಲ್ಲೇ ಆಗಬೇಕು. ಅವಳು ಒತ್ತಿದ ಕಾಲರು ಕೋಟಿನೊಳಗೆ ಕತ್ತಿಲ್ಲದಿದ್ದರೂ ನಿಂತುಕೊಳ್ಳುತ್ತದೆ ಎಂದು ಬಾಯ್ಲರು ನೋಡಿಕೊಳ್ಳುವ ಮುದುಕ ತಮಾಷೆ ಮಾಡುತ್ತಿದ್ದ. ಆ ಮುದುಕನನ್ನು ಎಲ್ಲರೂ ಬಾಯ್ಲರ್ ಮಾವ ಎನ್ನುತ್ತಿದ್ದರು. ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ಚಿಕ್ಕವನಾದ ಸೂಪರ್‌ವೈಸರ್ ಕೂಡ ಹಾಗೇ ಕರೆಯುತ್ತಿದ್ದ, ಬಾಯಿ ಊದಿಸಿದ ಆ ದಿನದವರೆಗೆ.

ಕೈ ನಡುಗುವುದು ಅವಳಿಗೆ ಹೊಸದಲ್ಲ. ಮೂವತ್ತರ ಆಸುಪಾಸಿನಲ್ಲೇ ಶುರುವಾದದ್ದು. ಸೂಜಿಗೆ ದಾರ ಹಾಕುವಾಗ, ಚಮಚ ಬಾಯಿಗೆ ತರುವಾಗ, ಸಹಿ ಹಾಕುವಾಗ ಬೆರಳುಗಳು ತಮ್ಮ ಪಾಡಿಗೆ ತಾವು ಕುಣಿಯುತ್ತಿದ್ದವು. ಅದಕ್ಕೆ ಅವಳು ನೂರೆಂಟು ಉಪಾಯ ಮಾಡಿಕೊಂಡಿದ್ದಳು. ಸಹಿ ಹಾಕುವಾಗ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿಯುವುದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ತರಕಾರಿ ಹೆಚ್ಚುವುದು, ಯಾರ ಮನೆಯಲ್ಲೂ ತಟ್ಟೆ ಹಿಡಿದು ಟೀ ಹಂಚಲು ಮುಂದಾಗದಿರುವುದು. ಇಸ್ತ್ರಿ ಮೇಜಿನ ಮುಂದೆ ಮಾತ್ರ ಯಾವ ಉಪಾಯವೂ ಬೇಕಿರಲಿಲ್ಲ. ಅಲ್ಲಿದ್ದದ್ದು ಹಳೆಯ ಕಾಲದ ಏಳು ಕಿಲೋ ತೂಕದ ಇಸ್ತ್ರಿ ಪೆಟ್ಟಿಗೆ. ಅದರ ಹಿಡಿಗೆ ಕೈ ಬಿದ್ದ ಕೂಡಲೇ ನಡುಕ ಅಡಗುತ್ತಿತ್ತು. ಯಾಕೆ ಅಡಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಡಗುತ್ತದೆ ಎಂಬುದು ಗೊತ್ತಿತ್ತು. ಇಪ್ಪತ್ತಾರು ವರ್ಷ ಅಷ್ಟೇ ಸಾಕಾಗಿತ್ತು.

ಹೀಗಿರುವಾಗ ಲಾಂಡ್ರಿಗೆ ಹೊಸ ಇಸ್ತ್ರಿಗಳು ಬಂದವು. ಮೇಲಿಂದ ಕೊಳವೆಯಲ್ಲಿ ಆವಿ ಇಳಿಯುತ್ತದೆ, ಕೈಯಲ್ಲಿ ಹಿಡಿಯುವುದು ಒಂದು ಹಗುರವಾದ ತಗಡು. ಮಣಿಕಟ್ಟು ನೋವು ತಪ್ಪಿತು ಎಂದು ಹುಡುಗಿಯರೆಲ್ಲ ಕುಣಿದಾಡಿದರು. ಹಳೆಯವು ಮೆಟ್ಟಿಲ ಕೆಳಗಿನ ಕೋಣೆ ಸೇರಿದವು. ಹಗುರ ಇಸ್ತ್ರಿ ಹಿಡಿದ ಮೊದಲ ದಿನವೇ ದೊಡ್ಡಕ್ಕನ ಕೈ ಅವಳ ಮಾತು ಕೇಳಲಿಲ್ಲ. ಕಾಲರಿನ ತುದಿಗೆ ಹೋಗುವಷ್ಟರಲ್ಲಿ ಇಸ್ತ್ರಿ ಆ ಕಡೆ ಈ ಕಡೆ ಆಡಿ ಒಂದು ಗೆರೆ ಬೀಳುವಲ್ಲಿ ಎರಡು ಬಿತ್ತು. ವಾರದೊಳಗೆ ಆಸ್ಪತ್ರೆಯಿಂದ ಹನ್ನೆರಡು ಕೋಟು ವಾಪಸು ಬಂದವು. ಅವನ್ನು ತೋಳ ಮೇಲೆ ಹೇರಿಕೊಂಡು ಸೂಪರ್‌ವೈಸರ್ ಎರಡನೆಯ ಮೇಜಿಗೆ ಬಂದ, ಅವಳ ಕೈ ನೋಡಿದ, ಮುಖ ನೋಡಿದ, ಊದು ಎಂದ.

ಆ ಮೇಲೆ ಅವನು ಹೇಳಿದ್ದು ಇಷ್ಟು. "ಡಾಕ್ಟರ ಕಾಗದ ತಗೊಂಡು ಬಾ, ಇದು ಕುಡಿತ ಅಲ್ಲ ಅಂತ ಬರೆದಿರಬೇಕು. ಅಲ್ಲೀವರೆಗೆ ಮೇಜು ಮುಟ್ಟಬೇಡ. ಕೊಳೆ ಬಟ್ಟೆ ಕೋಣೇಲಿ ಕೂತ್ಕೋ."

ಕೊಳೆ ಬಟ್ಟೆ ಕೋಣೆಗೆ ಕಿಟಕಿ ಇಲ್ಲ. ಆಸ್ಪತ್ರೆಯ ಗಂಟುಗಳು ಬಂದು ಬೀಳುವುದು ಅಲ್ಲಿ. ರಕ್ತದ್ದು ಬೇರೆ, ಔಷಧದ ಕಲೆಯದು ಬೇರೆ, ಕೋಟುಗಳದು ಬೇರೆ ಎಂದು ಬಿಡಿಸಿ ಹಾಕಬೇಕು. ಕೋಟಿನ ಜೇಬಿನಲ್ಲಿ ಮರೆತ ಪೆನ್ನು, ಚೀಟಿ, ಕಚ್ಚಿ ಬಿಟ್ಟ ಬಿಸ್ಕತ್ತು ಎಲ್ಲ ಸಿಗುತ್ತಿದ್ದವು. ಅಲ್ಲಿ ನಾಲ್ಕು ದಿನದ ಮಟ್ಟಿಗೆ ಕೂರುತ್ತಿದ್ದವರೆಲ್ಲ ಹೊಸಬರು, ಕೆಲಸ ಕಲಿತ ಕೂಡಲೇ ಅಲ್ಲಿಂದ ಹೊರಬೀಳುವವರು. ಇಪ್ಪತ್ತಾರು ವರ್ಷದ ನಂತರ ಒಳಗೆ ಹೋದವಳು ಅವಳೊಬ್ಬಳೇ.

ಕೋಣೆಗಿಂತ ಅವಳನ್ನು ಸುಟ್ಟದ್ದು ಆ ಮಾತು. ಕುಡುಕಿ ಎಂಬ ಮಾತು ಬೇರೆಯವರಿಗಾದರೆ ಬೈಗುಳ, ಅವಳಿಗೆ ಅದು ಮನೆಯ ಹೆಸರಾಗಿತ್ತು. ಅವಳ ಅಪ್ಪ ಸರಕು ಗೋದಾಮಿನಲ್ಲಿ ತೂಕ ಮಾಡುತ್ತಿದ್ದ. ಮೂಟೆ ತೂಗುವುದಲ್ಲ, ಸಾಂಬಾರ ಪದಾರ್ಥ ತೂಗುವ ಸಣ್ಣ ತಕ್ಕಡಿ. ಸಣ್ಣ ಸಣ್ಣ ತೂಕದ ಬಟ್ಟುಗಳನ್ನು ಬೆರಳ ತುದಿಯಲ್ಲಿ ಹಿಡಿದು ತಟ್ಟೆಯ ಮೇಲೆ ಇಡಬೇಕು. ಅಪ್ಪ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲ ಹಿಂದೆ ನಿಂತು ಒಂದು ಗುಟುಕು ಹಾಕಿಕೊಂಡು ಹೋಗುತ್ತಿದ್ದ. ಮೊದಲು ಒಂದು ಗುಟುಕು, ಕೆಲವು ವರ್ಷಗಳ ಮೇಲೆ ಅರ್ಧ ಸೀಸೆ. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಕೆಲಸದಿಂದ ತೆಗೆದರು. ಹತ್ತೊಂಬತ್ತಾಗಿದ್ದಾಗ ಅಪ್ಪ ಸತ್ತ. ಅಮ್ಮ ಕಣ್ಣೀರು ಹಾಕಲಿಲ್ಲ. "ಹೋಯ್ತು ಪೀಡೆ" ಎಂದಳು. ಆ ಮಾತು ಕೇಳಿಸಿಕೊಂಡ ಮಕ್ಕಳಿಬ್ಬರೂ ಕುಡಿತವನ್ನು ಜೀವಮಾನದಲ್ಲಿ ಮುಟ್ಟಲಿಲ್ಲ.

ಮಕ್ಕಳಿಬ್ಬರು ಎಂದರೆ ದೊಡ್ಡಕ್ಕ ಮತ್ತು ಅವಳಿಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ. ಅಣ್ಣ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸದವನು, ಹಿಂದಿನ ಬೀದಿಯಲ್ಲೇ ಮನೆ. ದೊಡ್ಡಕ್ಕನ ಗಂಡ ತೀರಿಕೊಂಡು ಒಂಬತ್ತು ವರ್ಷ, ಮಗಳು ದೂರದಲ್ಲಿ ಸಂಸಾರ ಮಾಡಿಕೊಂಡಿದ್ದಳು. ಹಾಗಾಗಿ ಆಸ್ಪತ್ರೆ, ಕಚೇರಿ ಎಂದರೆ ಜೊತೆಗೆ ಅಣ್ಣನೇ. ಅಣ್ಣ ಎಲ್ಲಿ ಕುಳಿತರೂ ಎರಡೂ ಅಂಗೈಯನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂರುತ್ತಿದ್ದ. ಚಳಿ ಎನ್ನುತ್ತಿದ್ದ. ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದ.

ಮೊದಲು ಹೋದದ್ದು ಲಾಂಡ್ರಿಯ ಹತ್ತಿರದ ಡಾಕ್ಟರ ಬಳಿಗೆ. ಅವನು ಅವಳ ಕೈ ಮುಟ್ಟಲಿಲ್ಲ.

"ಹೆದರಿಕೆ ಇದು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಹೀಗೆಲ್ಲ ಆಗುತ್ತೆ" ಎಂದ.

"ಮೂವತ್ತನೇ ವಯಸ್ಸಿಂದ ಇದೆ ಡಾಕ್ಟ್ರೇ."

"ಹಾಂ, ಆಗಿಂದ್ಲೇ ಹೆದರಿಕೆ."

ಹತ್ತು ಸೂಜಿ ಬರೆದುಕೊಟ್ಟ. ಕಾಗದದ ಮೇಲೆ ನರದೌರ್ಬಲ್ಯ ಎಂದು ಬರೆದ. ದೊಡ್ಡಕ್ಕ ಅದನ್ನು ಸೂಪರ್‌ವೈಸರಿಗೆ ಕೊಟ್ಟಾಗ ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕುಡಿತ ಅಲ್ಲ ಅಂತ ಎಲ್ಲಿದೆ ಇದ್ರಲ್ಲಿ?" ಎಂದು ಮೇಜಿನ ಮೇಲೆ ಎಸೆದ.

ಎರಡನೆಯ ಸಲ ದೊಡ್ಡ ಆಸ್ಪತ್ರೆಗೆ ಹೋದರು. ಬೆಳಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತು ಹನ್ನೆರಡೂವರೆಗೆ ಒಳಗೆ ಹೋದರು. ಅಲ್ಲಿದ್ದವರು ಹಿರಿಯ ಡಾಕ್ಟರು, ಸುತ್ತ ಎಂಟು ವಿದ್ಯಾರ್ಥಿಗಳು. ಡಾಕ್ಟರ ಕೋಟಿನ ಕಾಲರಿನ ಒಳಗೆ ಲಾಂಡ್ರಿಯ ಗುರುತಿನ ಕೆಂಪು ದಾರ ಕಾಣುತ್ತಿತ್ತು. ತಾನೇ ಎಷ್ಟು ಸಲ ಒತ್ತಿದ್ದಳೋ ಆ ಕೋಟನ್ನು. ಡಾಕ್ಟರು ಕೈ ಮುಂದೆ ಚಾಚಿಸಿದರು, ಒಮ್ಮೆ ನೋಡಿದರು, ವಿದ್ಯಾರ್ಥಿಗಳ ಕಡೆ ತಿರುಗಿ ಏನೋ ಹೇಳಿದರು. ಆಮೇಲೆ ಕೇಳಿದರು, "ಮನೇಲಿ ಬೇರೆ ಯಾರಿಗಾದ್ರೂ ಕೈ ನಡುಗುತ್ತಾ?"

"ಯಾರಿಗೂ ಇಲ್ಲ ಸಾರ್" ಎಂದ ಅಣ್ಣ, ಕೇಳಿ ಮುಗಿಯುವ ಮೊದಲೇ.

ದೊಡ್ಡಕ್ಕನೂ ತಲೆಯಾಡಿಸಿದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಆಗ ಅನ್ನಿಸಲೇ ಇಲ್ಲ. ಊಟ ಆಯ್ತಾ ಎಂದು ಕೇಳಿದರೆ ಹಸಿದಿದ್ದರೂ ಆಯ್ತು ಎನ್ನುವುದಿಲ್ಲವೇ, ಹಾಗೆ. ಆ ಮನೆಯಲ್ಲಿ ನಡುಕ ಎಂದರೆ ಕುಡಿತ, ಕುಡಿತ ಎಂದರೆ ಅಪ್ಪ, ಅಪ್ಪ ಎಂದರೆ ಬಾಯಿ ಮುಚ್ಚು. ಚಿಕ್ಕಂದಿನಿಂದ ರೂಢಿಯಾದ ಉತ್ತರ ಅದು.

ಆ ಒಂದು ಇಲ್ಲ ಎಂಬ ಮಾತಿಗೆ ಅವಳು ನಾಲ್ಕು ತಿಂಗಳು ದಂಡ ತೆತ್ತಳು. ದೊಡ್ಡ ಕಾಯಿಲೆಯ ನಡುಕ ಇದು, ಮಿದುಳಿನದು, ಎಂದು ದಿನಕ್ಕೆ ಮೂರು ಹೊತ್ತು ಮಾತ್ರೆ ಬರೆದರು. ಬರಬರುತ್ತ ಕಾಲು ಎಳೆಯುತ್ತದೆ, ಮುಖ ಮರಗಟ್ಟುತ್ತದೆ ಎಂದು ಒಬ್ಬ ವಿದ್ಯಾರ್ಥಿ ಹೊರಗೆ ಬಂದು, ಒಳ್ಳೆಯದಕ್ಕೇ, ಎಲ್ಲವನ್ನೂ ಬಿಡಿಸಿ ಹೇಳಿದ. ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಕೈ ಮಾತ್ರ ಮೊದಲು ಹೇಗಿತ್ತೋ ಹಾಗೇ ನಡುಗುತ್ತಿತ್ತು. ದಿನಾ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಮುಖ ಮರಗಟ್ಟಿದೆಯಾ ಎಂದು ನೋಡಿಕೊಳ್ಳುತ್ತಿದ್ದಳು. ನಗಲು ನೋಡುತ್ತಿದ್ದಳು. ನಗು ಬರುತ್ತಿರಲಿಲ್ಲ, ಅದು ಕಾಯಿಲೆಯಿಂದಲೋ ಕೊಳೆ ಬಟ್ಟೆ ಕೋಣೆಯಿಂದಲೋ ತಿಳಿಯುತ್ತಿರಲಿಲ್ಲ. ಈ ಕಾಯಿಲೆಯ ಕಾಗದ ಕೊಟ್ಟರೆ ಕುಡುಕಿ ಎಂಬ ಹೆಸರು ಹೋಗುತ್ತದೆ, ಜೊತೆಗೆ ಕೆಲಸವೂ ಹೋಗುತ್ತದೆ. ಹಾಗೆಂದು ಅದನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡಳು.

ನಾಲ್ಕನೆಯ ತಿಂಗಳು ಮಾತ್ರೆ ಮುಗಿದು ಮತ್ತೆ ಹೋದಾಗ ಹಿರಿಯ ಡಾಕ್ಟರು ರಜೆಯಲ್ಲಿದ್ದರು. ಅವರ ಕುರ್ಚಿಯಲ್ಲಿ ಒಬ್ಬಳು ಡಾಕ್ಟರಮ್ಮ ಕುಳಿತಿದ್ದಳು, ನೆಗಡಿಯಾಗಿ ಮೂಗು ಕೆಂಪಗಾದವಳು. ಬರೆದದ್ದನ್ನೇ ಮುಂದುವರಿಸುತ್ತಾಳೆ ಎಂದುಕೊಂಡರೆ, ಅವಳು ಚೀಟಿ ಪಕ್ಕಕ್ಕಿಟ್ಟು, "ಕೈ ತೊಡೆ ಮೇಲೆ ಇಟ್ಕೊಂಡು ಸುಮ್ನೆ ಕೂತ್ಕೊಳ್ಳಿ ಅಮ್ಮ" ಎಂದಳು. ನೋಡುತ್ತ ಕುಳಿತಳು. ಕೈ ಸುಮ್ಮನಿತ್ತು. ಚಾಚಿ ಎಂದಳು, ನಡುಗಿತು. ಮೂಗಿನ ತುದಿ ಮುಟ್ಟಿ, ನನ್ನ ಬೆರಳು ಮುಟ್ಟಿ ಎಂದಳು, ಬೆರಳಿನ ಹತ್ತಿರ ಹೋದಷ್ಟೂ ಇನ್ನಷ್ಟು ನಡುಗಿತು. ಬಾಗಿಲವರೆಗೆ ನಡೆಸಿದಳು, ಮಣಿಕಟ್ಟು ಹಿಡಿದು ಮಡಚಿ ಬಿಡಿಸಿ ನೋಡಿದಳು. ಹಾಳೆಯ ಮೇಲೆ ಬಸವನಹುಳುವಿನ ಚಿಪ್ಪಿನಂತೆ ಸುತ್ತು ಸುತ್ತಾಗಿ ಗೆರೆ ಎಳೆಯಿರಿ ಎಂದಳು. ದೊಡ್ಡಕ್ಕ ಎಳೆದದ್ದು ಗರಗಸದ ಹಲ್ಲಿನಂತೆ ಬಂತು.

"ಆ ದೊಡ್ಡ ಕಾಯಿಲೇಲಿ ಕೈ ಸುಮ್ಮನಿದ್ದಾಗ ನಡುಗೋದು ಜಾಸ್ತಿ. ನಿಮ್ಮದು ಏನಾದ್ರೂ ಮಾಡೋಕೆ ಹೋದಾಗ ನಡುಗುತ್ತೆ. ಮನೇಲಿ ಯಾರಿಗಾದ್ರೂ ಹೀಗೆ ಇದೆಯಾ?"

"ಯಾರಿಗೂ ಇಲ್ಲ ಮೇಡಂ" ಎಂದ ಅಣ್ಣ.

ಡಾಕ್ಟರಮ್ಮ ಒಂದು ಕ್ಷಣ ಅವನನ್ನು ನೋಡಿ, ಒಂದು ನೀರಿನ ಲೋಟ, ಒಂದು ಖಾಲಿ ಲೋಟ ಮುಂದಿಟ್ಟಳು. "ಇದರಿಂದ ಇದಕ್ಕೆ ಹಾಕಿ ಅಮ್ಮ." ದೊಡ್ಡಕ್ಕ ಎರಡೂ ಕೈಯಲ್ಲಿ ಹಿಡಿದು, ಮೇಜಿನ ಮೇಲೆ ಸ್ವಲ್ಪ ಚೆಲ್ಲಿ, ಅರ್ಧಕ್ಕೆ ನಿಲ್ಲಿಸಿದಳು.

"ಪೂರ್ತಿ ಹಾಕಿ."

"ಆಯ್ತಲ್ಲ."

"ಅರ್ಧ ಆಗಿದೆ ಅಷ್ಟೇ."

"ನಮ್ಮನೇಲಿ ಇಷ್ಟೇ ಹಾಕೋದು. ಲೋಟ ತುಂಬ ಯಾರೂ ಹಾಕಲ್ಲ. ಅಜ್ಜಿ ಕಾಲದಿಂದ್ಲೂ ಹಾಗೇ. ಓಣಿಯವರು ನಮ್ಮನ್ನ ಅರ್ಧ ಲೋಟದವರು ಅಂತ ಆಡ್ಕೋತಾರೆ, ಜಿಪುಣರು ಅಂತ."

"ಯಾಕೆ ತುಂಬ ಹಾಕಲ್ಲ?"

"ತುಂಬ ಹಾಕಿದ್ರೆ ಚೆಲ್ಲುತ್ತಲ್ಲ ಮೇಡಂ" ಎಂದಳು ದೊಡ್ಡಕ್ಕ. ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

"ಯಾರು ಚೆಲ್ಲೋರು?" ಎಂದಳು ಡಾಕ್ಟರಮ್ಮ, ಮೂಗು ಒರೆಸಿಕೊಳ್ಳುತ್ತ, ಅವಸರವಿಲ್ಲದೆ.

ಯಾರು ಚೆಲ್ಲುತ್ತಿದ್ದರು? ಅಜ್ಜಿ. ಅಜ್ಜಿ ತಲೆಯನ್ನೂ ಅಲ್ಲಾಡಿಸುತ್ತಿದ್ದಳು, ಬೇಡ ಬೇಡ ಎನ್ನುವ ಹಾಗೆ. ಅತ್ತೆ, ಅಪ್ಪನ ಅಕ್ಕ. ಮದುವೆಮನೆಗಳಲ್ಲಿ ಯಾರಿಗೂ ಬಡಿಸದೆ ಮೂಲೆಯಲ್ಲಿ ಕೂರುತ್ತಿದ್ದವಳು, ಗರ್ವದವಳು ಎಂದು ಹೆಸರಾದವಳು. ಅಪ್ಪ. ತಾನು. ದೊಡ್ಡಕ್ಕ ತಿರುಗಿ ಪಕ್ಕದ ಕುರ್ಚಿ ನೋಡಿದಳು.

"ಅಣ್ಣಾ, ಕೈ ತೆಗಿ."

"ಏನು ಕೈ? ಸುಮ್ನಿರು."

"ತೊಡೆ ಕೆಳಗಿಂದ ಕೈ ತೆಗಿ ಅಂದೆ. ನಾನು ನಾಲ್ಕು ತಿಂಗಳಿಂದ ಇಲ್ಲದ ಕಾಯಿಲೆಗೆ ಮಾತ್ರೆ ನುಂಗಿ ವಾಂತಿ ಮಾಡ್ಕೋತಾ ಇದೀನಿ. ನೀನು ಪಕ್ಕದಲ್ಲೇ ಕೂತು ಯಾರಿಗೂ ಇಲ್ಲ ಸಾರ್, ಯಾರಿಗೂ ಇಲ್ಲ ಮೇಡಂ. ನಾಚಿಕೆ ಆಗಲ್ವಾ ನಿನಗೆ?"

ಡಾಕ್ಟರಮ್ಮ ಪೆನ್ನು ಹಾಳೆ ಅವನ ಕಡೆ ಸರಿಸಿದಳು. ಅಣ್ಣ ಎದ್ದು ಹೊರಗೆ ಹೋದ. ಹೋಗುವಾಗ ಬಾಗಿಲ ಚಿಲಕಕ್ಕೆ ಚಾಚಿದ ಕೈಯನ್ನು ಇಬ್ಬರೂ ನೋಡಿದರು.

"ಗೊತ್ತಾಯ್ತು ಬಿಡಿ" ಎಂದಳು ಡಾಕ್ಟರಮ್ಮ.

ಆಮೇಲೆ ಅವಳು ಹೇಳಿದ್ದನ್ನೆಲ್ಲ ದೊಡ್ಡಕ್ಕ ಕಿವಿಯಲ್ಲೇ ಬರೆದುಕೊಂಡಳು. ಇದಕ್ಕೆ ಎಸೆನ್ಷಿಯಲ್ ಟ್ರೆಮರ್ ಎನ್ನುತ್ತಾರೆ. ವಂಶದಲ್ಲಿ ಹರಿದು ಬರುತ್ತದೆ, ಇದ್ದವರ ಮಕ್ಕಳಲ್ಲಿ ಇಬ್ಬರಲ್ಲಿ ಒಬ್ಬರಿಗೆ ಬರಬಹುದು. ವಯಸ್ಸಾದಂತೆ ನಿಧಾನಕ್ಕೆ ಹೆಚ್ಚಬಹುದು, ಕೊಲ್ಲುವುದಿಲ್ಲ. ಥೈರಾಯ್ಡು ಹೆಚ್ಚಾದರೂ ಕೈ ನಡುಗುತ್ತದೆ, ಅದಕ್ಕೊಂದು ರಕ್ತ ಪರೀಕ್ಷೆ ಮಾಡಿಬಿಡೋಣ. ಹಳೆಯ ಮಾತ್ರೆ ಒಂದೇ ಸಲ ಬಿಡಬೇಡಿ, ಇಳಿಸುತ್ತ ಬನ್ನಿ. ಉಬ್ಬಸ ಇದೆಯಾ ಎಂದು ಕೇಳಿ, ನಾಡಿ ನೋಡಿ, ಬೇರೆ ಮಾತ್ರೆಯನ್ನು ಸಣ್ಣದರಿಂದ ಶುರುಮಾಡಿದಳು. ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗಬಹುದು, ಕೆಲವರಿಗೆ ಅದೂ ಆಗುವುದಿಲ್ಲ, ಆಗ ಬೇರೆ ಮಾತ್ರೆ ಇದೆ ಎಂದಳು. ಟೀ ಕಾಫಿ ಕಡಿಮೆ ಮಾಡಿ ನೋಡಿ, ನಿದ್ದೆಗೆಡಬೇಡಿ, ಸಿಟ್ಟು ಬಂದರೆ ನಡುಕ ಹೆಚ್ಚುತ್ತದೆ ಎಂದಳು.

"ಸಿಟ್ಟು ಬರಿಸೋರಿಗೆ ಯಾವ ಮಾತ್ರೆ ಮೇಡಂ?" ಎಂದಳು ದೊಡ್ಡಕ್ಕ.

ಡಾಕ್ಟರಮ್ಮ ನಕ್ಕು ಸೀನಿದಳು. ಭಾರದ ಇಸ್ತ್ರಿಯ ವಿಷಯ ಕೇಳಿ ಖುಷಿಪಟ್ಟಳು. ಕೆಲವರಿಗೆ ಭಾರದ ವಸ್ತು ಹಿಡಿದರೆ ನಡುಕ ಅಡಗುತ್ತದೆ, ಅದನ್ನೇ ಕಾಗದದಲ್ಲಿ ಬರೆಯುತ್ತೇನೆ ಎಂದಳು. ಬರೆಯುತ್ತ ಬರೆಯುತ್ತ, "ನಿಮ್ಮ ತಂದೆ ಕುಡೀತಿದ್ರಾ?" ಎಂದು ಕೇಳಿದಳು.

ದೊಡ್ಡಕ್ಕ ಕುರ್ಚಿಯ ಅಂಚಿಗೆ ಸರಿದಳು. "ಯಾಕೆ?"

"ಸ್ವಲ್ಪ ಹೆಂಡ ಹೊಟ್ಟೆಗೆ ಹೋದ್ರೆ ಈ ನಡುಕ ಒಂದೆರಡು ಗಂಟೆ ಇಳಿಯುತ್ತೆ, ತುಂಬ ಜನಕ್ಕೆ. ಇಳಿದ ಮೇಲೆ ಇನ್ನೂ ಜೋರಾಗಿ ಬರುತ್ತೆ. ಕೆಲಸ ಉಳಿಸ್ಕೊಳ್ಳೋಕೆ ಅಂತ ಶುರುಮಾಡಿ ಅದರಲ್ಲೇ ಸಿಕ್ಕಿಬೀಳೋರು ಇದಾರೆ. ನೀವು ಹಾಗೆ ಮಾಡಬೇಡಿ ಅಂತ ಹೇಳೋಕೆ ಕೇಳಿದೆ."

ಬೆಳಗ್ಗೆ ಬಾಗಿಲ ಹಿಂದೆ ನಿಂತು ಒಂದು ಗುಟುಕು. ಆಮೇಲೆ ಬೆರಳ ತುದಿಯಲ್ಲಿ ಸಣ್ಣ ಬಟ್ಟು. ನಡುಗುವುದಕ್ಕೆ ಕುಡಿದವನನ್ನು ಕುಡಿದದ್ದಕ್ಕೆ ನಡುಗುತ್ತಾನೆ ಎಂದು ಊರೆಲ್ಲ ಸೇರಿ ತೀರ್ಮಾನ ಮಾಡಿತ್ತು. ಗೋದಾಮಿನವರು ಹಾಗೆಂದರು, ಬೀದಿಯವರು ಹಾಗೆಂದರು, ಹೆಂಡತಿ ಹಾಗೆಂದಳು, ಮಕ್ಕಳು ಹಾಗೇ ನಂಬಿದರು. ಅವನೂ ತನ್ನನ್ನು ಹಾಗೇ ಅಂದುಕೊಂಡು ಸತ್ತಿರಬೇಕು. ಯಾರೊಬ್ಬರಾದರೂ ಅವನ ಮುಂದೆ ಎರಡು ಲೋಟ ಇಟ್ಟು ನೋಡಿದ್ದರೆ!

ಹೊರಗೆ ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. "ಮನೆ ಮಾನ ತೆಗೆದೆ" ಎಂದ.

"ಯಾವ ಮನೇದು? ಅಪ್ಪನ ಮಾನ ಹೋಗಿ ನಲವತ್ತೆರಡು ವರ್ಷ ಆಯ್ತು. ನೀನು ಮುಚ್ಚಿಟ್ಕೊಂಡು ಕೂತಿರೋದು ಖಾಲಿ ಡಬ್ಬ." ಡಾಕ್ಟರಮ್ಮ ಹೇಳಿದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅವನು ಕೇಳಿಸಿಕೊಂಡ. ಬಸ್ಸು ಹತ್ತಿದ. ಬಸ್ಸಿನಲ್ಲಿ ಅವಳ ಪಕ್ಕ ಜಾಗವಿದ್ದರೂ ಹಿಂದೆ ಹೋಗಿ ಕುಳಿತ. ಆಮೇಲೆ ಮೂರು ವಾರ ಅವಳ ಮನೆ ಕಡೆ ತಲೆ ಹಾಕಲಿಲ್ಲ.

ರಕ್ತ ಪರೀಕ್ಷೆಯಲ್ಲಿ ತೊಂದರೆ ಏನೂ ಬರಲಿಲ್ಲ. ಕಾಗದ ಕೈಗೆ ಬಂತು. ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ, ಭಾರದ ಇಸ್ತ್ರಿ ಕೊಟ್ಟರೆ ಕೆಲಸ ಮಾಡಬಲ್ಲಳು ಎಂದು ಸ್ಪಷ್ಟವಾಗಿ ಬರೆದಿತ್ತು. ಸೂಪರ್‌ವೈಸರ್ ಎರಡು ಸಲ ಓದಿದ. ಕಾಗದವನ್ನು ಡ್ರಾಯರಿಗೆ ಹಾಕಿ, "ಸರಿ, ಮೇಜಿಗೆ ಹೋಗು. ಹಳೇ ಪೆಟ್ಟಿಗೆ ತೆಗೆಸಿ ಇಟ್ಟಿರ್ತೀನಿ. ಏನೋ, ಗೊತ್ತಾಗ್ದೆ ಆಗಿಹೋಯ್ತು" ಎಂದ.

"ಇದನ್ನ ಅಲ್ಲಿ ಬಂದು ಹೇಳಿ ಸಾರ್."

"ಎಲ್ಲಿ?"

"ಎರಡನೇ ಮೇಜಿನ ಹತ್ರ. ಊದಿಸಿದ್ದು ಈ ಕೋಣೇಲಿ ಅಲ್ಲವಲ್ಲ."

"ಕಾಗದ ತಗೊಂಡೆ, ಮೇಜು ಕೊಟ್ಟೆ, ಇನ್ನೇನು ನಿನ್ನ ಕಾಲು ಹಿಡೀಬೇಕಾ? ಅದೆಲ್ಲ ಆಗಲ್ಲ. ಬೇಕಿದ್ರೆ ಕೆಲಸ ಮಾಡು, ಬೇಡದಿದ್ರೆ ಬಾಗಿಲು ಅಲ್ಲಿದೆ."

ಅವಳು ಬಾಗಿಲ ಕಡೆಗೆ ಹೋಗಲಿಲ್ಲ, ಮೇಜಿಗೆ ಹೋದಳು. ಹಳೆಯ ಇಸ್ತ್ರಿ ಪೆಟ್ಟಿಗೆ ಬಂದು ಮೇಜಿನ ಮೇಲೆ ಕೂತಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ನಿಂತಳು. ಆ ದಿನ ಆಸ್ಪತ್ರೆಯ ಗಾಡಿ ಮೂರು ಗಂಟೆಗೆ ಬರಬೇಕಿತ್ತು. ಕೋಟುಗಳು ಬಂದು ಒಂದರ ಮೇಲೊಂದು ಬಿದ್ದವು. ಪಕ್ಕದ ಮೇಜಿನ ಉದ್ದ ಜಡೆಯ ಹುಡುಗಿ ಕೊಳವೆಯ ಸದ್ದಿನ ನಡುವೆ ಬಗ್ಗಿ, "ಅಕ್ಕಾ, ಸಾಕು, ಕಾಗದ ಬಂತಲ್ಲ. ಶುರುಮಾಡು. ಕೆಲಸಕ್ಕೇ ಸಂಚಕಾರ ತಂದ್ಕೋಬೇಡ" ಎಂದಳು.

"ಕಾಗದ ಅವನ ಡ್ರಾಯರಿನಲ್ಲಿದೆ. ನೀನು ಓದಿದೀಯಾ?"

"ಇಲ್ಲ."

"ನಾನು ಊದಿದ್ದು ನೋಡಿದೀಯಾ?"

ಹುಡುಗಿ ತಲೆ ತಗ್ಗಿಸಿ ಇಸ್ತ್ರಿ ಒತ್ತಿದಳು.

ಅವಳಿಗೆ ಹೆದರಿಕೆ ಇರಲಿಲ್ಲವೆಂದಲ್ಲ. ಈ ವಯಸ್ಸಿನಲ್ಲಿ ಈ ಕೈ ಹೊತ್ತುಕೊಂಡು ಬೇರೆಲ್ಲಿ ಕೆಲಸ ಕೇಳುವುದು? ಹತ್ತು ಗಂಟೆಗೆ ಕೆಲಸ ಹೋಯಿತು ಎಂದುಕೊಂಡಳು. ಹತ್ತೂವರೆಗೆ ಹೋದರೆ ಹೋಗಲಿ ಎಂದುಕೊಂಡಳು. ಸೂಪರ್‌ವೈಸರ್ ಇಬ್ಬರು ಹುಡುಗಿಯರ ಕೈಯಲ್ಲಿ ಕಾಲರು ಒತ್ತಿಸಿ ನೋಡಿದ, ಸರಿಬರಲಿಲ್ಲ. ಹನ್ನೊಂದೂವರೆಗೆ ತಾನೇ ಎರಡನೆಯ ಮೇಜಿಗೆ ಬಂದ. ಗೋಡೆಯ ಕಡೆ ನೋಡುತ್ತ, "ದೊಡ್ಡಕ್ಕ ಕುಡಿದಿರಲಿಲ್ಲ" ಎಂದ.

ಬಾಯ್ಲರಿನ ಫ್ಯಾನು ಆ ಮಾತನ್ನು ಪೂರ್ತಿ ನುಂಗಿತು.

"ಕೇಳಿಸ್ಲಿಲ್ಲ ಸಾರ್" ಎಂದಳು ದೊಡ್ಡಕ್ಕ. "ಮಾವಾ, ಫ್ಯಾನು ಸ್ವಲ್ಪ ನಿಲ್ಸು."

ಬಾಯ್ಲರ್ ಮಾವ ಅದಕ್ಕೇ ಕಾದಿದ್ದವನಂತೆ ಫ್ಯಾನು ನಿಲ್ಲಿಸಿದ. ಸದ್ದು ಇಳಿದು, ಇಳಿದು, ನಿಂತಿತು. ತೊಟ್ಟಿಯಲ್ಲಿ ನೀರು ತೊಟ್ಟಿಕ್ಕುವುದು ಕೇಳಿಸಿತು. ನಲವತ್ತು ಜನ ತಿರುಗಿದರು.

"ದೊಡ್ಡಕ್ಕ ಅವತ್ತು ಕುಡಿದಿರಲಿಲ್ಲ. ಅದು ಅವರ ವಂಶದ ಒಂದು ನಡುಕ. ನಾನು ತಪ್ಪು ತಿಳ್ಕೊಂಡೆ. ಊದಿಸಬಾರದಿತ್ತು" ಎಂದ ಸೂಪರ್‌ವೈಸರ್, ಕಿವಿಯವರೆಗೂ ಕೆಂಪಾಗಿ.

"ಈಗ ಅವನನ್ನೂ ಒಂದ್ಸಲ ಊದಿಸಿಬಿಡು ದೊಡ್ಡಕ್ಕ, ಸರಿಸಮ ಆಗುತ್ತೆ" ಎಂದ ಬಾಯ್ಲರ್ ಮಾವ. ನಗು ತೊಟ್ಟಿಯಿಂದ ಮೇಜಿನವರೆಗೂ ಹರಿಯಿತು. ದೊಡ್ಡಕ್ಕ ನಗಲಿಲ್ಲ. ಪೆಟ್ಟಿಗೆ ಕಾಯಲು ಇಟ್ಟು, ಮೇಲಿನ ಕೋಟು ಎಳೆದುಕೊಂಡಳು. ಮೂರು ಗಂಟೆಗೆ ಗಾಡಿ ಬಂದಾಗ ಕೋಟುಗಳೆಲ್ಲ ಸಿದ್ಧವಾಗಿದ್ದವು.

ಮಾತ್ರೆ ಪವಾಡವನ್ನೇನೂ ಮಾಡಲಿಲ್ಲ. ಎರಡು ವಾರಕ್ಕೆ ಚಮಚ ಬಾಯಿಗೆ ಬರುವಷ್ಟರಲ್ಲಿ ಖಾಲಿಯಾಗುವುದು ತಪ್ಪಿತು. ಸೂಜಿಗೆ ದಾರ ಈಗಲೂ ಹೋಗುವುದಿಲ್ಲ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಳು. ಮಗಳಿಗೆ ಫೋನು ಮಾಡಿ, ನಡುಕ ಕಂಡರೆ ಮುಚ್ಚಿಡಬೇಡ, ನಿನ್ನ ಮಗನಿಗೆ ಕಂಡರೂ ಬೈಯಬೇಡ ಎಂದಳು. ಯಾರಾದರೂ ಕೈ ನೋಡಿದರೆ, "ನಮ್ಮಪ್ಪಂದು ಇದು" ಎಂದು ಅವರು ಕೇಳುವ ಮೊದಲೇ ಹೇಳುತ್ತಿದ್ದಳು, ಜಗಳಕ್ಕೆ ನಿಂತವಳ ದನಿಯಲ್ಲಿ. ಅವಳಿಗೆ ಅಂದ ಮಾತನ್ನು ವಾಪಸು ತೆಗೆದುಕೊಳ್ಳಲು ಒಬ್ಬ ಸೂಪರ್‌ವೈಸರ್ ಇದ್ದ. ಅಪ್ಪನಿಗೆ ತಪ್ಪಾಯ್ತು ಎಂದು ಹೇಳಬೇಕಾದವರೆಲ್ಲ ಎಂದೋ ಮಣ್ಣಾಗಿದ್ದರು.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಅಣ್ಣ ಬಂದ. ದೊಡ್ಡಕ್ಕ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವನು ಮೆಟ್ಟಿಲು ಹತ್ತಿ ಬಂದು, ಎರಡೂ ಕೈ ಜೇಬಿಗೆ ತುರುಕಿಕೊಂಡು ಗೋಡೆಯ ಹತ್ತಿರ ನಿಂತ.

"ಲಾಂಡ್ರೀಲಿ ಗಲಾಟೆ ಮಾಡಿದ್ಯಂತೆ. ಡಿಪೋವರೆಗೂ ಸುದ್ದಿ ಬಂತು."

"ಗಲಾಟೆ ಏನಿಲ್ಲ. ಫ್ಯಾನು ನಿಲ್ಸಿದೆ ಅಷ್ಟೇ."

"ಅಪ್ಪನ್ನ 'ಪೀಡೆ' ಅಂತ ಅಮ್ಮ ಅಂದಾಗ ನಾನೂ ಹೂಂ ಅಂದಿದ್ದೆ" ಎಂದ.

"ಗೊತ್ತು. ನಾನೂ ಅಲ್ಲೇ ಇದ್ದೆ."

"ಆ ಡಾಕ್ಟರಮ್ಮ ಯಾವ ದಿನ ಇರ್ತಾಳೆ?"

"ಗುರುವಾರ. ಬೆಳಗ್ಗೆ ಏಳಕ್ಕೆ ಸಾಲು. ಈ ಸಲ ಕೇಳಿದ್ರೆ ಯಾರಿಗೂ ಇಲ್ಲ ಅಂದ್ಯೋ, ಅಲ್ಲೇ ಬಿಟ್ಟು ಬಂದ್ಬಿಡ್ತೀನಿ."

ದೊಡ್ಡಕ್ಕ ತಂತಿಯಿಂದ ದೊಡ್ಡ ಹೊದಿಕೆ ಎಳೆದು ಒಂದು ತುದಿಯನ್ನು ಅವನ ಕಡೆಗೆ ಎಸೆದಳು. "ನಿಂತ್ಕೊಂಡು ಏನು ನೋಡ್ತೀಯಾ, ಮೂಲೆ ಹಿಡಿ. ಹಾಗಲ್ಲ, ಅಂಚಿಗೆ ಅಂಚು ಕೂಡಿಸು. ಟೈರು ಅಲ್ಲ ಇದು." ಅವನು ಎರಡೂ ಕೈ ಹೊರಗೆ ತೆಗೆದು ಮೂಲೆ ಹಿಡಿದ, ಎಳೆದ, ಅವಳು ಎಳೆದಳು, ಮಡಿಚಿದರು, ಹತ್ತಿರ ಬಂದರು. ಮಡಿಚಿದ್ದನ್ನು ಅವಳು ಬುಟ್ಟಿಗೆ ಹಾಕಿ, ತಂತಿಯಲ್ಲಿ ಉಳಿದಿದ್ದ ಇನ್ನೊಂದನ್ನು ಎಳೆದಳು.